ಬುಟ್ಟಿ ಬರೆಯುವ ಕೈ

ಅಮ್ಮ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ರಕ್ಷಾಳಿಗೆ ಮೊದಲು ಅನುಮಾನ ಬಂದದ್ದು ಉಪ್ಪಿನಕಾಯಿ ಭರಣಿಯಿಂದ. ಅಪ್ಪೆಮಿಡಿಯ ಆ ದೊಡ್ಡ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಮನೆಗೆ ನೆಂಟರು ಬರುವುದಿದ್ದರೆ ಮಾತ್ರ ಬಿಚ್ಚುವುದು. ಇಲ್ಲದಿದ್ದರೆ ಅಜ್ಜಿ ದುಗ್ಗಮ್ಮ ಆ ಕಡೆ ಬೆಕ್ಕನ್ನೂ ಸುಳಿಯಗೊಡುವವಳಲ್ಲ. ಅಂಥ ಭರಣಿಯ ಬಟ್ಟೆ ಕಳೆದ ವಾರದಿಂದ ಸಡಿಲವಾಗಿತ್ತು. ನೆಂಟರು ಯಾರೂ ಬಂದಿರಲಿಲ್ಲ. ಹಾಗಾದರೆ ಬರುವವರಿದ್ದಾರೆ, ಬಡಿಸುವ ಮೊದಲು ರುಚಿ ನೋಡಿಟ್ಟಿದ್ದಾಳೆ ಎಂದು ರಕ್ಷಾ ಲೆಕ್ಕ ಹಾಕಿದಳು. ಆಮೇಲೆ ಅಟ್ಟದ ಮೇಲಿನ ಟ್ರಂಕು ಕೆಳಗೆ ಬಂತು. ಅಮ್ಮ ಅದರ ಮುಂದೆ ಕೂತು ಸೀರೆ ಮಗುಚುತ್ತಿದ್ದವಳು ಇವಳನ್ನು ಕಂಡು ಮುಚ್ಚಳ ಹಾಕಿದಳು. ಮೊನ್ನೆ ಕೊಟ್ಟಿಗೆಯ ಹಿಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದವಳು ಇವಳ ಕಾಲಸಪ್ಪಳಕ್ಕೆ ‘ಆಯ್ತು, ಹೇಳ್ತೀನಿ’ ಎಂದು ಇಟ್ಟುಬಿಟ್ಟಳು. ಯಾರು ಎಂದರೆ ಸಂಘದವರು ಎಂದಳು. ಸಂಘದವರ ಹತ್ತಿರ ಮಾತಾಡಲು ಕೊಟ್ಟಿಗೆಯ ಹಿಂದೆ ಯಾಕೆ ಹೋಗಬೇಕು? ಸಂಘದವರ ಜೊತೆ ಅಮ್ಮ ಮಾತಾಡಿದರೆ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ.

ಯಾರು ಬರುವವರಿದ್ದಾರೆ ಎಂಬುದೂ ರಕ್ಷಾಳಿಗೆ ಗೊತ್ತಿತ್ತು. ಕೋಣಂದೂರಿನವರು. ಬೇಸಿಗೆಯಲ್ಲಿ ಅಜ್ಜಿಯೇ ಎತ್ತಿದ ಮಾತು: ಹುಡುಗನ ಹೆಸರು ಪ್ರದೀಪ, ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ, ಒಳ್ಳೆ ಜನ, ಹುಡುಗಿಯ ಓದು ಅರ್ಧಕ್ಕಿದ್ದರೂ ಅವರಿಗೇನೂ ಬೇಸರವಿಲ್ಲವಂತೆ. ಅವರಿಗೆ ಬೇಸರವಿಲ್ಲ! ಜೋಗದ ಪವರ್ ಹೌಸಿನಲ್ಲಿ ಗುತ್ತಿಗೆ ಕೆಲಸ ಮಾಡಿಕೊಂಡು ಹಬ್ಬ ಹುಣ್ಣಿಮೆಗೆ ಮನೆಗೆ ಬರುವ ಅಪ್ಪ ಶಿವರಾಮ, ‘ನೋಡೋಣ’ ಎಂದಿದ್ದ. ಅಮ್ಮ ಏನೂ ಹೇಳಿರಲಿಲ್ಲ. ಅಜ್ಜಿಯ ಮಾತಿಗಿಂತ, ಅಪ್ಪನ ‘ನೋಡೋಣ’ಕ್ಕಿಂತ, ರೊಟ್ಟಿ ತಟ್ಟುತ್ತ ತಲೆಯೆತ್ತದೆ ಕೂತಿದ್ದ ಅಮ್ಮನ ಆ ಸುಮ್ಮನಿರುವಿಕೆಯೇ ರಕ್ಷಾಳನ್ನು ಐದು ತಿಂಗಳಿಂದ ಕೊರೆಯುತ್ತಿತ್ತು. ಅಮ್ಮ ತನ್ನ ಕಡೆಗಿದ್ದಾಳೋ ಅವರ ಕಡೆಗಿದ್ದಾಳೋ? ಅದೊಂದು ಗೊತ್ತಾದರೆ ಸಾಕಿತ್ತು. ಸಾಗರದ ಕಾಲೇಜು, ಕೊನೆಯ ವರ್ಷದ ಬಿ.ಎ., ಆಮೇಲೆ ಬಿ.ಎಡ್. ಮಾಡುವ ಆಸೆ, ಎಲ್ಲ ನಿಂತದ್ದು ಆ ಒಂದು ಕಂಬದ ಮೇಲೆ. ಕಂಬ ಬಾಯಿ ಬಿಡುತ್ತಿರಲಿಲ್ಲ.

ಹೀಗೆ ಒಂದೊಂದನ್ನೂ ಹೆಕ್ಕಿ ಅರ್ಥ ಹಿಂಡುವ ಬುದ್ಧಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕನ್ನಡದ ಮಧುಸೂದನ ಸರ್ ಕಲಿಸಿದ್ದು. ಹೆಣ್ಣುಮಕ್ಕಳು ದೊಡ್ಡವರಾಗುವ ಸಣ್ಣಕಥೆಗಳನ್ನು ಅವರು ಈ ಸೆಮಿಸ್ಟರಿಗೆ ತೆಗೆದುಕೊಂಡಿದ್ದರು. ಇಂಥ ಕಥೆಗಳಲ್ಲಿ ಯಾವುದೂ ಬರೀ ಅದೇ ಆಗಿರುವುದಿಲ್ಲ, ಬಾವಿ ಬರೀ ಬಾವಿಯಲ್ಲ, ಬಾಗಿಲು ಬರೀ ಬಾಗಿಲಲ್ಲ, ಹಣ್ಣಂತೂ ಹಣ್ಣೇ ಅಲ್ಲ ಎಂದು ಅವರು ಕನ್ನಡಕ ತೆಗೆದು ಒರೆಸುತ್ತ ಹೇಳುವಾಗ ಇಡೀ ತರಗತಿ ಪಿಸುಗುಟ್ಟುತ್ತಿತ್ತು. ಒಂದು ದಿನ ಕೇಳಿದರು: ಕಥೆಯಲ್ಲಿ ಹದಿಮೂರರ ಹುಡುಗಿ ಗೋಡೆಗೆ ಕೆಂಪು ಬಳಿಯುತ್ತಾಳೆ, ಯಾಕೆ? ರಕ್ಷಾಳಿಗೆ ತನಗೆ ಗೊತ್ತಿರುವ ವಿಷಯವೊಂದು ಕಡೆಗೂ ಪಾಠದಲ್ಲಿ ಬಂತಲ್ಲ ಎಂದು ಹಿಗ್ಗಾಯಿತು. ಎದ್ದು ನಿಂತು, ಕೆಮ್ಮಣ್ಣು ಬಳಿದರೆ ಗೋಡೆ ಬಿರುಕು ಬಿಡೋಲ್ಲ ಸರ್, ಮೇಲೆ ಬಿಳಿ ಎದ್ದು ಕಾಣ್ತದೆ ಎಂದಳು. ತರಗತಿ ಗೊಳ್ಳೆಂದಿತು. ಪಕ್ಕದಲ್ಲಿ ಕೂತಿದ್ದ ಸಾಗರ ಪೇಟೆಯ ವಂದನಾ ಬಾಯಿಗೆ ಕರ್ಚೀಫು ಇಟ್ಟುಕೊಂಡಳು. ಸರ್ ನಗಲಿಲ್ಲ, ಪಾಪ ಎನ್ನುವ ಹಾಗೆ ನೋಡಿ, ಅದೂ ಸರಿಯೇ, ಕೂತ್ಕೊಳಮ್ಮ ಎಂದರು. ಆ ‘ಅದೂ ಸರಿಯೇ’ ಇವತ್ತಿಗೂ ಬಸ್ಸಿನಲ್ಲಿ, ಊಟದ ಮಧ್ಯೆ, ತಲೆ ಬಾಚುವಾಗ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಇನ್ನು ಮುಂದೆ ಯಾವುದನ್ನೂ ಕಂಡ ಹಾಗೇ ನಂಬಬಾರದು ಎಂದು ಅವತ್ತೇ ಹಟ ತೊಟ್ಟಳು. ಅನುಮಾನದ ಹುಳ ಹೊಕ್ಕರೆ ಪುಸ್ತಕದಲ್ಲೇ ಉಳಿಯುತ್ತದೆಯೇ? ಮನೆಗೂ ಬಂತು.

ಈಗ ಬುಟ್ಟಿ. ನಾಳೆ ಭೂಮಿ ಹುಣ್ಣಿಮೆ. ಹೊಡೆ ತುಂಬಿ, ತೆನೆಯನ್ನು ಒಳಗಿಟ್ಟುಕೊಂಡು ನಿಂತ ಗದ್ದೆಯೆಂದರೆ ಬಸುರಿ ಹೆಂಗಸು, ಅವಳಿಗೆ ಬಯಕೆ, ಹತ್ತಾರು ಸೊಪ್ಪಿನ ಪಲ್ಯ, ಸೌತೆಕಾಯಿ ಕಡುಬು, ಅಮಟೆಕಾಯಿ, ಹುಗ್ಗಿ ಎಲ್ಲ ಮಾಡಿ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಬೆಳಕು ಹರಿಯುವಾಗ ಗದ್ದೆಗೆ ಬೀರಿ, ಉಣ್ಣು ತಾಯೀ ಎಂದು ಕೂಗಿ ಬರಬೇಕು. ಆ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಏಣಿ, ತೆನೆ, ಜಡೆಯ ಸಾಲು ಬರೆಯುವುದು ಮನೆಯ ಹೆಂಗಸರ ಕೆಲಸ. ಈ ಮನೆಯಲ್ಲಿ ಆ ಕೈ ಅಮ್ಮನದು. ನೇತ್ರಾವತಿ ಬರೆದ ಬುಟ್ಟಿಯೆಂದರೆ ಕೆಳಗಿನಮಕ್ಕಿಯ ಹೆಂಗಸರು ಕೆಲಸ ಬಿಟ್ಟು ನೋಡಲು ಬರುತ್ತಿದ್ದರು. ದುಗ್ಗಮ್ಮನಂಥ ದುಗ್ಗಮ್ಮನೇ ಒಪ್ಪಿಕೊಂಡ ಒಂದೇ ಒಂದು ಗುಣ ಸೊಸೆಯಲ್ಲಿ ಅದು. ಅಂಥವಳು ಬೆಳಿಗ್ಗೆ ಕಾಫಿ ಲೋಟ ಕೊಡುತ್ತ, ‘ಈ ಸಲ ಬುಟ್ಟಿ ನೀನೇ ಬರಿ ಮಗಾ. ನಂಗೆ ಹೆಗಲು ನೋವು’ ಎಂದಳು.

ರಕ್ಷಾ ಲೋಟವನ್ನು ಹಾಗೇ ಕೆಳಗಿಟ್ಟಳು. ಮದುವೆಯಾಗಿ ಹೋಗುವ ಹುಡುಗಿಗೆ ತವರಿನ ಕೊನೆಯ ಹುಣ್ಣಿಮೆಗೆ ಬುಟ್ಟಿ ಬರೆಯಲು ಕೊಡುತ್ತಾರೆ. ಸೋದರತ್ತೆ ಬಂಗಾರಮ್ಮನಿಗೂ ಹಾಗೇ ಕೊಟ್ಟಿದ್ದರಂತೆ, ಮುಂದಿನ ಹುಣ್ಣಿಮೆಗೆ ಅವಳು ಮೇಗರವಳ್ಳಿಯ ಸೊಸೆ. ಈ ಕಥೆಯನ್ನು ಅಜ್ಜಿ ಹೇಳಿದಷ್ಟು ಸಲ ಬೇರಾವ ಕಥೆಯನ್ನೂ ಹೇಳಿಲ್ಲ. ಭರಣಿ, ಟ್ರಂಕು, ಫೋನು, ಬುಟ್ಟಿ. ಸರ್ ಇದ್ದಿದ್ದರೆ ಭೇಷ್ ಎನ್ನುತ್ತಿದ್ದರು. ಅದರ ಮೇಲೆ, ನಾಡಿದ್ದು ಕಾಲೇಜಿಗೆ ಹೋಗುವುದಿದೆಯೋ ರಜೆಯೋ ಎಂದು ಅಮ್ಮ ಎರಡು ಸಲ ಕೇಳಿದ್ದಾಳೆ. ಹಾಗಾದರೆ ನಾಡಿದ್ದೇ ನೋಡಲು ಬರುವುದು. ಅಪ್ಪ ಹೇಗೂ ಹಬ್ಬಕ್ಕೆ ಬಂದಿರುತ್ತಾನೆ. ಅಮ್ಮ ಹೆಗಲು ನೋವೆಂದು ಹೇಳಿ ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಕೆಲಸ ಮುಗಿಸುತ್ತಿದ್ದಾಳೆ. ಎದುರಿಗೆ ಹೇಳುವ ಧೈರ್ಯವಾದರೂ ಬೇಡವೇ?

ಹೆಗಲು ನೋವಿನ ಅಮ್ಮ ಆ ಮಾತು ಹೇಳಿ ಅರ್ಧ ಗಂಟೆಯಾಗಿಲ್ಲ, ಹುಲ್ಲಿನ ಹೊರೆ ಹೊತ್ತುಕೊಂಡು ಗದ್ದೆಯ ಅಂಚಿನ ಮೇಲೆ ಬರುವುದನ್ನು ರಕ್ಷಾ ಜಗಲಿಯಿಂದ ನೋಡಿದಳು. ಬುಟ್ಟಿಯನ್ನು ಕಾಲಮಧ್ಯೆ ಇಟ್ಟುಕೊಂಡು ಕುಂಚ ಅದ್ದಿದಳು. ಬಿಳಿ ನೀರಾಗಿತ್ತೋ ಏನೋ, ಮೊದಲ ಏಣಿಯ ಗೆರೆಯೇ ಸೊಟ್ಟಗೆ ಇಳಿದು ಕೆಂಪಿನ ಮೇಲೆ ಹನಿ ಬಿತ್ತು. ಕೆಂಪು ಎಂದರೆ ಏನು? ಅವಳು ದೊಡ್ಡವಳಾದದ್ದು ಇದೇ ಹಬ್ಬದ ಹಿಂದಿನ ದಿನ. ಎಂಟನೇ ತರಗತಿ. ಹಿಂಬದಿಯ ಕೋಣೆಯಲ್ಲಿ ಚಾಪೆ ಹಾಕಿ, ಚೊಂಬು ಬೇರೆ ಇಟ್ಟು, ನಾಳೆ ಗದ್ದೆಗೆ ಬರಬಾರದು, ಬುಟ್ಟಿಯ ಕಡೆ ನೋಡಲೂಬಾರದು ಎಂದು ಅಜ್ಜಿ ಹೇಳಿದ್ದಳು. ತಾನೇನು ಮಾಡಿದೆ ಎಂದು ತಿಳಿಯದೆ ರಕ್ಷಾ ಗೋಡೆಗೆ ಮುಖ ಮಾಡಿ ಅತ್ತದ್ದು ಅತ್ತದ್ದೇ. ಬೆಳಗಿನ ಮಬ್ಬಿನಲ್ಲಿ ಎಲ್ಲರೂ ಹೊರಡುವ ಮೊದಲು ಅಮ್ಮ ಬಾಗಿಲು ಸರಿಸಿ ಬಂದು, ಸೆರಗಿನಿಂದ ಬಿಸಿ ಕಡುಬೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಬೇಗ ತಿನ್ನು ಎಂದಿದ್ದಳು. ಭೂಮಿಗೆ ಇಡುವ ಮೊದಲು ಬುಟ್ಟಿಯಿಂದ ಕದ್ದದ್ದು. ಅದನ್ನು ಇಷ್ಟು ವರ್ಷ ಪ್ರೀತಿ ಎಂದೇ ರಕ್ಷಾ ತಿಳಿದಿದ್ದಳು. ಈಗ ಯೋಚಿಸಿದರೆ, ಅಳುವವಳ ಬಾಯಿ ಮುಚ್ಚಿಸಲು ಕೊಟ್ಟದ್ದೂ ಇರಬಹುದು. ಅಕ್ಕಪಕ್ಕದವರಿಗೆ ಕೇಳಬಾರದಲ್ಲ.

‘ಎಂತ ಮಾರಾಯ್ತಿ ಅದು, ಏಣಿಯಾ, ಹಾವಾ?’ ಎಂದಳು ದುಗ್ಗಮ್ಮ. ಜಗಲಿಯ ಇನ್ನೊಂದು ತುದಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ನಾಳೆಗೆ ಸೊಪ್ಪು ಹೆಚ್ಚುತ್ತಿದ್ದವಳ ಕಣ್ಣು ಬುಟ್ಟಿಯ ಮೇಲೆಯೇ ಇತ್ತು. ಹೀಗೆ ಬರೆದರೆ ಹೋದ ಮನೆಯವರು ಏನೆಂದಾರು, ನಿನ್ನ ಅತ್ತೆ ಬಂಗಾರಿ ಬರೆದ ಬುಟ್ಟಿ ನೋಡಬೇಕಿತ್ತು ಎಂದು ಶುರುಮಾಡಿದಳು. ಹೋದ ಮನೆ! ರಕ್ಷಾ ಕುಂಚವನ್ನು ಬಟ್ಟಲಿಗೆ ಎಸೆದಳು. ಬಿಳಿ ಚಿಮ್ಮಿ ನೆಲಕ್ಕೆ ಬಿತ್ತು. ಹೇಳಬಾರದು ಎಂದುಕೊಂಡಿದ್ದೆಲ್ಲ ಬಾಯಿಗೆ ಬಂತು: ನಾನು ಬರೆಯೋಲ್ಲ, ಅಮ್ಮನೇ ಬರೆಯಲಿ, ಅವಳಿಗೆ ಏನಾಗಿದೆ?

‘ಹೆಗಲು ನೋವಂತಲ್ಲೇ.’

‘ನೋವೂ ಇಲ್ಲ, ಎಂತದೂ ಇಲ್ಲ ಅಜ್ಜಿ. ಬೆಳಿಗ್ಗೆ ಹುಲ್ಲಿನ ಹೊರೆ ಹೊತ್ಕೊಂಡು ಬಂದ್ಲು, ನಾನೇ ನೋಡಿದೀನಿ. ಬುಟ್ಟಿ ಮುಟ್ಟಕ್ಕೆ ಮಾತ್ರ ಆಗಲ್ಲ. ಯಾಕೆ ಆಗಲ್ಲ ಅಂತ ನೀನೇ ಕೇಳು.’

ಮಾತು ಹೊರಗೆ ಬಿದ್ದದ್ದೇ, ಮೆಟ್ಟುಗತ್ತಿಯ ಮೇಲೆ ಅಜ್ಜಿಯ ಕೈ ನಿಂತಿತು. ಅವಳು ರಕ್ಷಾಳ ಕಡೆ ನೋಡುತ್ತಲೇ ಇರಲಿಲ್ಲ, ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇರೆ ಏನೋ ಇತ್ತು, ಕಳೆದುಹೋದ ದನ ದೂರದಲ್ಲಿ ಕಂಡವರ ಮುಖದಲ್ಲಿರುವಂಥದ್ದು. ನೇತ್ರಾ, ಬಾ ಇಲ್ಲಿ ಎಂದು ಕರೆದಳು. ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. ಅಮ್ಮ ಕೈಯೊರೆಸಿಕೊಳ್ಳುತ್ತ ಬಂದು ಹೊಸಿಲ ಮೇಲೆ ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಮ್ಮನೂ ಹೆಗಲು ಮುಟ್ಟಿಕೊಂಡಳು.

‘ಈ ಮನೇಲಿ ಬಸುರಿ ಹೆಂಗಸು ಭೂಮಿ ಬುಟ್ಟಿ ಮುಟ್ಟಬಾರ್ದು ಅಂತ ಕಟ್ಟುಪಾಡಿದೆ’ ಎಂದಳು ದುಗ್ಗಮ್ಮ. ‘ನಿಂಗೆ ನಾನೇ ಹೇಳಿದ್ದು, ಇವಳು ಹೊಟ್ಟೇಲಿದ್ದಾಗ. ಒಂದು ಬಸುರಿ ಕಣ್ಣು ಇನ್ನೊಂದು ಬಸುರಿಗೆ ತಾಗ್ತದೆ ಅಂತ. ಅದ್ಕೇನಾ?’

ರಕ್ಷಾಳಿಗೆ ಈ ಕಟ್ಟು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳು ಹುಟ್ಟಿದ ಮೇಲೆ ಈ ಮನೆಯಲ್ಲಿ ಯಾರೂ ಬಸುರಿಯಾಗಿರಲಿಲ್ಲ. ಅಜ್ಜಿಗೆ ಹುಚ್ಚು ಎಂದು ನಗು ಬಂತು. ಅಮ್ಮನೂ ನಕ್ಕಳು. ‘ಮಗಳು ಮದ್ವೆ ವಯಸ್ಸಿಗೆ ಬಂದಿದ್ದಾಳೆ, ನಂಗಾ ಅತ್ತೆ? ಎಂತ ಮಾತಾಡ್ತೀರಿ’ ಎಂದಳು. ಹೊಸಿಲು ದಾಟಿ ಬಂದು ಬುಟ್ಟಿಯ ಮುಂದೆ ಕೂತಳು. ಕೂತವಳು ಕುಂಚ ಎತ್ತಿಕೊಳ್ಳಲು ಒಂದು ಗಳಿಗೆ ತಡಮಾಡಿದಳು. ಕೈ ಮುಂದೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಅಜ್ಜಿ ಆ ಕೈಯನ್ನೇ ನೋಡುತ್ತಿದ್ದಳು. ಅಮ್ಮ ಕುಂಚ ಅದ್ದಿ, ಅಂಚಿಗೆ ಒರೆಸಿ, ರಕ್ಷಾ ಹಾಳುಮಾಡಿದ ಗೆರೆಯ ಪಕ್ಕದಲ್ಲೇ ಒಂದು ಗೆರೆ ಎಳೆದಳು. ದಾರ ಹಿಡಿದು ಎಳೆದಂತೆ ನೇರವಾಗಿತ್ತು. ಎರಡನೆಯದು ಎಳೆದಳು. ಅಡ್ಡ ಮೆಟ್ಟಿಲು ಕೂಡಿಸಿದಳು. ಆ ಸೊಟ್ಟ ಗೆರೆಯನ್ನೂ ಬಿಡದೆ ತೆನೆಯ ದಂಟು ಮಾಡಿಕೊಂಡಳು. ಅಜ್ಜಿ ಇಷ್ಟು ಹೊತ್ತು ಕಟ್ಟಿಹಿಡಿದಿದ್ದ ಉಸಿರು ಬಿಟ್ಟು, ಹಂಗಾದ್ರೆ ಸೋಮಾರಿತನ ಅನ್ನು ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಮುಖ ಬಾಡಿತ್ತು. ಆಸೆ ಹುಟ್ಟಿ ಸತ್ತದ್ದು ಅಲ್ಲೇ ಕಾಣುತ್ತಿತ್ತು.

ಕಂಡದ್ದನ್ನು ಕಂಡ ಹಾಗೆ ನೋಡಬಾರದು ಎಂದು ಹಟ ತೊಟ್ಟವಳಿಗೆ ಆಗ ಮಾತ್ರ ಎದುರಿಗಿದ್ದದ್ದು ಕಂಡಿತು. ಅಮ್ಮನ ಹಣೆಯಲ್ಲಿ ಬೆವರಿನ ಹನಿ ಸಾಲುಗಟ್ಟಿತ್ತು. ತುಟಿ ಬಿಳಿಚಿತ್ತು. ಗೆರೆ ಎಳೆಯುತ್ತಿದ್ದ ಬಲಗೈ ನಡುಗುತ್ತಿರಲಿಲ್ಲ. ಎಡಗೈ ಮಾತ್ರ ಸೆರಗನ್ನು ಮುದ್ದೆಮಾಡಿ ಹೊಟ್ಟೆಗೆ ಒತ್ತಿಹಿಡಿದಿತ್ತು. ಭರಣಿ. ಹುಳಿ ಅಪ್ಪೆಮಿಡಿಯ ಭರಣಿ. ದೇವರೇ, ಹುಳಿ ಎಂದರೆ ಏನೆಂದು ಊರಿನ ಚಿಕ್ಕ ಹುಡುಗಿಗೂ ಗೊತ್ತು, ಅದಕ್ಕೆ ಮಧುಸೂದನ ಸರ್ ಬೇಕೆ? ಎಲ್ಲವೂ ತನ್ನ ಬಗ್ಗೆಯೇ ಎಂದುಕೊಂಡಳಲ್ಲ. ಈ ಮನೆಯಲ್ಲಿ ದೊಡ್ಡವಳಾಗುವವಳು ತಾನೊಬ್ಬಳೇ, ಏನಾದರೂ ಆಗುವುದಿದ್ದರೆ ತನಗೇ ಎಂದುಕೊಂಡಳಲ್ಲ.

ಬುಟ್ಟಿ ಮುಗಿಸಿ ಅಮ್ಮ ನಿಧಾನವಾಗಿ ಎದ್ದು, ಯಾವ ಅವಸರವೂ ಇಲ್ಲದವಳ ಹಾಗೆ ಹಿಂದಿನ ಬಚ್ಚಲಿಗೆ ಹೋದಳು. ರಕ್ಷಾ ಹಿಂದೆಯೇ ಹೋದಳು. ಅಮ್ಮ ಗೋಡೆ ಹಿಡಿದು ಬಗ್ಗಿ ವಾಂತಿ ಮಾಡುತ್ತಿದ್ದವಳು ತಿರುಗಿ ನೋಡದೆಯೇ, ‘ನಲ್ಲಿ ಬಿಡು’ ಎಂದಳು. ರಕ್ಷಾಳಿಗೆ ಅರ್ಥವಾಗಲಿಲ್ಲ. ‘ಪೂರ್ತಿ ಬಿಡು. ಸದ್ದು ಅತ್ತೆಗೆ ಕೇಳ್ತದೆ.’ ರಕ್ಷಾ ನಲ್ಲಿ ಬಿಟ್ಟಳು. ನೀರು ಖಾಲಿ ಬಕೆಟ್ಟಿಗೆ ಬಿದ್ದು ದಡದಡ ಸದ್ದಾಯಿತು. ಆ ಸದ್ದಿನ ಮರೆಯಲ್ಲಿ ಅಮ್ಮ, ಮುಖ ತೊಳೆದುಕೊಳ್ಳುತ್ತ, ತುಂಡು ತುಂಡಾಗಿ ಎಲ್ಲ ಹೇಳಿದಳು. ಸಾಗರದ ಆಸ್ಪತ್ರೆಗೆ ಒಂದು ಸಲ ಹೋಗಿ ಬಂದಾಗಿದೆ. ನಾಡಿದ್ದು ಬನ್ನಿ ಎಂದಿದ್ದಾರೆ. ಜೊತೆಗೆ ಒಬ್ಬರು ಇರಲಿ ಎಂದಿದ್ದಾರೆ. ಫೋನು ಅಲ್ಲಿಂದಲೇ. ಟ್ರಂಕಿನಿಂದ ತೆಗೆದದ್ದು ಆಮೇಲೆ ಉಡಲು ಹಳೆಯ ಮೆತ್ತನೆ ಸೀರೆ. ಅಪ್ಪನಿಗೆ ಹೇಳಿದರೆ ಗಂಡಾದರೂ ಆಗಬಹುದು, ಇರಲಿ ಎನ್ನುತ್ತಾನೆ. ಅಜ್ಜಿಗೆ ಹೇಳಿದರೆ ನಾಳೆ ಗದ್ದೆಯಲ್ಲೇ ಊರಿಗೆಲ್ಲ ಸಾರುತ್ತಾಳೆ. ‘ನಂಗೆ ಬೇಡ ಮಗಾ. ಸಾಕು ನಂಗೆ. ಅಷ್ಟೆ’ ಎಂದಳು. ಮತ್ತೊಮ್ಮೆ ಮುಖಕ್ಕೆ ನೀರು ಎರಚಿಕೊಂಡು, ‘ನಿನ್ನನ್ನೇ ಕರ್ಕೊಂಡು ಹೋಗಣ ಅಂತ. ಹೆಂಗೆ ಕೇಳದು ಅಂತ ಗೊತ್ತಾಗ್ಲಿಲ್ಲ’ ಎಂದಳು.

ಬೇಡ ಎಂದಮೇಲೆ ಬುಟ್ಟಿ ಮುಟ್ಟಿದರೆ ಏನಾಗುತ್ತಿತ್ತು ಎಂದು ರಕ್ಷಾ ಕೇಳಿದಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

‘ನಾನೂ ಅದೇ ಅಂದ್ಕೊಂಡೆ. ಆದ್ರೂ ಕೈ ಹೋಗ್ಲಿಲ್ಲ’ ಎಂದಳು ಅಮ್ಮ. ಅಳಲಿಲ್ಲ. ಬಿಳಿ ಒಣಗಿ ಬಿರುಕುಬಿಟ್ಟ ಬೆರಳುಗಳನ್ನು ನೀರಿನ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಳು. ಹೋಗದ ಕೈಯನ್ನು ಎಳೆದು ಕುಂಚ ಹಿಡಿಸಿದವಳು ತಾನು ಎಂದು ರಕ್ಷಾಳಿಗೆ ಆಗ ಹೊಳೆಯಿತು. ಏನಾದರೂ ಹೇಳಬೇಕು ಎನ್ನಿಸಿತು. ಹೇಳಲು ಬಂದದ್ದು ಕೋಣಂದೂರಿನ ಹೆಸರು ಮಾತ್ರ. ಅಮ್ಮ ನಲ್ಲಿ ನಿಲ್ಲಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು, ಆಶ್ಚರ್ಯದಿಂದ ನೋಡಿ, ಅದನ್ನು ಬೇಸಿಗೆಯಲ್ಲೇ ಬೇಡವೆಂದು ಹೇಳಿ ಕಳಿಸಿದೆನಲ್ಲ ಎಂದಳು. ನಿನಗೆ ಹೇಳಲಿಲ್ಲವೋ? ಹೇಳಿದ್ದೆ ಎಂದುಕೊಂಡಿದ್ದೆ. ನಿಜವಾಗಿ ಮರೆತಿದ್ದಳೋ, ಈಗ ಹೊಂದಿಸಿ ಹೇಳುತ್ತಿದ್ದಾಳೋ? ಅಷ್ಟರಲ್ಲೂ ಆ ಹುಳ ಒಮ್ಮೆ ತಲೆಯೆತ್ತಿತು. ರಕ್ಷಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಜ್ಜಿ ಜಗಲಿಯಿಂದ, ಯಾರೇ ಅದು ನೀರು ಪೋಲು ಮಾಡುವುದು ಎಂದು ಕೂಗಿದಳು.

ಸಂಜೆ ಅಪ್ಪ ಬಂದ. ಬುಟ್ಟಿ ನೋಡಿ, ಈ ಸಲದ್ದು ಎಲ್ಲಕ್ಕಿಂತ ಚೆನ್ನಾಗಿದೆ ಎಂದ. ಅಜ್ಜಿ ಹೂಂ ಎಂದಳು. ಊಟಕ್ಕೆ ಬಡಿಸುವಾಗ ಅವಳು ಸೊಸೆಯ ತಟ್ಟೆಯ ಬದಿಗೆ ಯಾರೂ ಕೇಳದೆ ಒಂದು ಅಪ್ಪೆಮಿಡಿ ಇಟ್ಟಳು. ಅಮ್ಮ ಅದನ್ನು ಮುಟ್ಟದೆ ಬಿಟ್ಟಳು. ತಟ್ಟೆ ಎತ್ತಿಕೊಂಡು ಹೋಗುವಾಗ ಆ ಮಿಡಿ ಹಾಗೇ ಇದ್ದದ್ದನ್ನು ಅಜ್ಜಿ ನೋಡಿದಳು, ಅಜ್ಜಿ ನೋಡಿದ್ದನ್ನು ರಕ್ಷಾ ನೋಡಿದಳು.

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕಂಬಳಿಯ ಕೊಪ್ಪೆ ಹಾಕಿ ದೊಡ್ಡ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಅಪ್ಪ ಮುಂದೆ, ಬ್ಯಾಟರಿ ಹಿಡಿದು ಅಜ್ಜಿ ಅವನ ಹಿಂದೆ, ಚಿಕ್ಕ ಬುಟ್ಟಿ ಸೊಂಟದಲ್ಲಿಟ್ಟುಕೊಂಡು ರಕ್ಷಾ, ಕೊನೆಯಲ್ಲಿ ನೀರಿನ ಚೊಂಬು ಹಿಡಿದ ಅಮ್ಮ. ಎಲ್ಲರೂ ಬರಿಗಾಲು. ಗದ್ದೆಯ ಅಂಚು ಕಾಲಿಗೆ ತಣ್ಣಗಿತ್ತು. ಎರಡೂ ಬದಿಗೆ ಬತ್ತ ಹೊಡೆ ಬಿರಿಯಲು ತಯಾರಾಗಿ ಬಿಗಿದು ನಿಂತಿತ್ತು. ಬತ್ತ ಬರೀ ಬತ್ತವೇ ಎಂದು ಯಾರಾದರೂ ಕೇಳಿದರೆ ರಕ್ಷಾ ಇವತ್ತು ಉತ್ತರ ಹೇಳುತ್ತಿರಲಿಲ್ಲ, ಎದ್ದೂ ನಿಲ್ಲುತ್ತಿರಲಿಲ್ಲ. ಅಪ್ಪ, ಅಜ್ಜಿ ತಿರುವು ದಾಟಿದರು. ಉಣ್ಣು ತಾಯೀ ಎಂದು ಅಪ್ಪ ಕೂಗಿದ್ದು ಕೇಳಿತು. ದೂರದ ಗದ್ದೆಗಳಿಂದಲೂ ಒಂದೊಂದಾಗಿ ಅದೇ ಕೂಗು. ರಕ್ಷಾ ನಿಂತಳು. ಬುಟ್ಟಿಯ ಬಾಳೆಲೆ ಸರಿಸಿ ಒಂದು ಕಡುಬು, ಮೇಲೆ ಎರಡು ಅಮಟೆಕಾಯಿ ತೆಗೆದು, ಹಿಂದೆ ತಿರುಗಿ ಅಮ್ಮನ ಅಂಗೈಯಲ್ಲಿಟ್ಟಳು.

‘ಭೂಮಿಗಿಂತ ಮುಂಚೆ ತಿನ್ನಬಾರ್ದು’ ಎಂದಳು ಅಮ್ಮ.

‘ಬೇಗ ತಿನ್ನು.’

ಅಮ್ಮ ಅವಳ ಮುಖ ನೋಡಿದಳು. ನೆನಪಾಯಿತೋ ಇಲ್ಲವೋ ಹೇಳಲು ಬರುವಷ್ಟು ಬೆಳಕಿರಲಿಲ್ಲ. ಕಡುಬನ್ನು ಮುರಿದು ಬಾಯಿಗಿಟ್ಟಳು. ಆಮೇಲೆ ಅಮಟೆಕಾಯಿ. ಹುಳಿಗೆ ಕಣ್ಣು ಮುಚ್ಚಿ, ಓಟೆಯನ್ನು ಸಿಪ್ಪೆ ಸಮೇತ ಚೀಪಿ, ಬೆರಳು ನೆಕ್ಕಿಕೊಂಡು, ಇನ್ನೊಂದನ್ನೂ ತಿಂದಳು. ನಾಚಿಕೆಯಿಲ್ಲದೆ, ಹಸಿದ ಮಗುವಿನ ಹಾಗೆ ತಿಂದಳು. ಇಷ್ಟು ದಿನ ಇಷ್ಟು ಆಸೆಯನ್ನು ಈ ಹೆಂಗಸು ಎಲ್ಲಿ ಬಚ್ಚಿಟ್ಟಿದ್ದಳು? ಬಾಯಿ ಒರೆಸಿಕೊಂಡು ಅಮ್ಮ ಮೆಲ್ಲಗೆ, ‘ನಾಳೆ ಏಳೂವರೆ ಬಸ್ಸು. ಕಾಲೇಜು ಬ್ಯಾಗ್ ತಗೊ. ಪುಸ್ತಕ ಎಲ್ಲ ತುಂಬ್ಕೊಂಡೇ ಬಾ. ಖಾಲಿ ಇದ್ರೆ ಗೊತ್ತಾಗ್ತದೆ’ ಎಂದಳು.

ತಿರುವಿನ ಆಚೆಯಿಂದ ಬ್ಯಾಟರಿ ಬೆಳಕು ಇತ್ತ ತಿರುಗಿತು. ಎಂತ ಮಾಡ್ತಿದೀರೇ ಇಬ್ರೂ ಅಲ್ಲಿ ಎಂದು ಅಜ್ಜಿ ಕೇಳಿದಳು.

‘ಅಮ್ಮಂಗೆ ಕಾಲಿಗೆ ಮುಳ್ಳು ಚುಚ್ಚಿತ್ತು ಅಜ್ಜಿ. ತೆಗೀತಿದ್ದೆ’ ಎಂದಳು ರಕ್ಷಾ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಹೆದರಿಕೆಯಾಯಿತು. ಬಾಳೆಲೆಯನ್ನು ಮೊದಲಿನಂತೆ ಮುಚ್ಚಿ, ಬುಟ್ಟಿ ಎತ್ತಿಕೊಂಡು ಬೆಳಕಿನ ಕಡೆಗೆ ನಡೆದಳು. ದುಗ್ಗಮ್ಮ ಬೆಳಕನ್ನು ಮೊಮ್ಮಗಳ ಮುಖದಿಂದ ಕೆಳಗಿಳಿಸಿ, ಹಿಂದೆ ಬರುತ್ತಿದ್ದ ಸೊಸೆಯ ಪಾದಗಳ ಮೇಲೆ ಹಿಡಿದಳು.

‘ಯಾವ ಕಾಲು?’

‘ಎಡಗಾಲು’ ಎಂದಳು ರಕ್ಷಾ, ತಿರುಗಿ ನೋಡದೆ. ಅವಳ ಹಿಂದೆ ನೇತ್ರಾವತಿ ಎಡಗಾಲನ್ನೇ ಕುಂಟಿಸುತ್ತ ಬಂದಳು.